ಸಂಪಾದಕರ ಉತ್ತರ: ಕೊನೆಯ ಸ್ಥಾನದ ತಂಡಕ್ಕೆ ಮತ್ತೆ ಸೀಸನ್ ಟಿಕೆಟ್ ತೆಗೆದುಕೊಳ್ಳಬೇಕೆ?

ಓದುಗರ ಪತ್ರದ ಸಾರ: ನಾನು ದಾವಣಗೆರೆ ಕಡೆಯವನು. ಕೆಲಸದ ಮೇಲೆ ಸ್ಕಾಟ್ಲೆಂಡಿನ ಕರ್ಕಾಡಿಗೆ ಬಂದು ನೆಲೆಸಿದ್ದೇನೆ. ಮಗಳ ಹಟಕ್ಕೆ ಇಲ್ಲಿನ ಫೈಫ್ ಫ್ಲೈಯರ್ಸ್ ಐಸ್ ಹಾಕಿ ತಂಡದ ಸೀಸನ್ ಟಿಕೆಟ್ ತೆಗೆದುಕೊಂಡೆವು. 2024-25ರಲ್ಲಿ ತಂಡ ಲೀಗಿನ ತಳ ಸೇರಿತು. ಈ ಲೀಗಿನಲ್ಲಿ ಕೊನೆಯ ತಂಡವನ್ನು ಕೆಳದರ್ಜೆಗೆ ಇಳಿಸುವ ಪದ್ಧತಿಯೇ ಇಲ್ಲವಂತೆ. ಹಾಗಾದರೆ ಸೋಲಿಗೆ ಬೆಲೆ ತೆರುವವರು ಯಾರು, ನಮ್ಮಂಥ ಪ್ರೇಕ್ಷಕರು ಮಾತ್ರವೇ? ಆರ್‌ಸಿಬಿಗಾಗಿ ವರ್ಷಗಟ್ಟಲೆ ಕಾದವನಿಗೆ ಕಾಯುವುದು ಹೊಸದಲ್ಲ, ಆದರೂ ಸುಸ್ತಾಗಿದೆ. ಮುಂದಿನ ವರ್ಷಕ್ಕೂ ಟಿಕೆಟ್ ತೆಗೆದುಕೊಳ್ಳಲೇ? ಮಗಳು ತಾನೂ ಹಾಕಿ ಕಲಿಯುತ್ತೇನೆ ಅನ್ನುತ್ತಿದ್ದಾಳೆ. ಕಳಿಸಲೇ?

ಮಾನ್ಯರೇ,

ಸೀಸನ್ ಕೆಟ್ಟದಾಗಿತ್ತು ಎಂಬ ಬಗ್ಗೆ ನಿಮ್ಮೊಂದಿಗೆ ನನ್ನ ತಕರಾರಿಲ್ಲ. ನಿಮ್ಮ ತಂಡ ಆಡುವ ಎಲೀಟ್ ಲೀಗಿನಲ್ಲಿ, ಅಂದರೆ ಬ್ರಿಟನ್ನಿನ ಐಸ್ ಹಾಕಿಯ ಮೇಲಿನ ದರ್ಜೆಯಲ್ಲಿ, ಇರುವುದೇ ಹತ್ತು ತಂಡ, ಅದರಲ್ಲಿ ಎಂಟು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. 54 ಪಂದ್ಯ ಆಡಿಯೂ ಆ ಎಂಟರೊಳಗೆ ಬರಲಾಗಲಿಲ್ಲ ಎಂದರೆ ಅದನ್ನು ದುರದೃಷ್ಟದ ಲೆಕ್ಕಕ್ಕೆ ಬರೆಯಲಾಗದು. ಏಪ್ರಿಲ್‌ನಲ್ಲಿ ನಾಟಿಂಗ್‌ಹ್ಯಾಂನಲ್ಲಿ ಪ್ಲೇಆಫ್‌ನಲ್ಲಿ ಗೆದ್ದು ಉಳಿದ ನಾಲ್ಕು ತಂಡಗಳ ಅಂತಿಮ ವಾರಾಂತ್ಯ ನಡೆಯುತ್ತದೆ. ತಮ್ಮ ತಂಡ ಹೊರಬಿದ್ದಿದ್ದರೂ ಎಲ್ಲ ಊರುಗಳ ಜನ ತಂತಮ್ಮ ಜರ್ಸಿ ತೊಟ್ಟು ಅಲ್ಲಿಗೆ ಹೋಗುತ್ತಾರೆ. ಈ ಆಟದ ಜನರಲ್ಲಿ ನನಗೆ ಬಹಳ ಇಷ್ಟವಾಗುವ ಗುಣ ಅದು. ಆದರೆ ಬೇರೆಯವರ ಫೈನಲ್ಲನ್ನು ನಿಮ್ಮ ಜರ್ಸಿಯಲ್ಲಿ ಕೂತು ನೋಡುವುದು ಎಷ್ಟು ಕಷ್ಟ ಎಂಬುದೂ ನನಗೆ ಗೊತ್ತಾಗುತ್ತದೆ.

ಆರ್‌ಸಿಬಿ ಹೋಲಿಕೆಯನ್ನು ಮಾತ್ರ ಒಪ್ಪಲಾರೆ, ಯಾಕೆಂದರೆ ಅದು ನಿಮ್ಮನ್ನು ತಪ್ಪು ತೀರ್ಮಾನಕ್ಕೆ ಒಯ್ಯುತ್ತದೆ. ಆರ್‌ಸಿಬಿ 2017ರಲ್ಲೂ 2019ರಲ್ಲೂ ಪಟ್ಟಿಯ ತಳದಲ್ಲಿತ್ತು. ಆಗ ಬೆಂಗಳೂರಿನ ಒಬ್ಬ ಅಭಿಮಾನಿಗಾದರೂ ಮುಂದಿನ ವರ್ಷ ತಂಡ ಇರುತ್ತದೋ ಇಲ್ಲವೋ ಎಂಬ ಭಯವಿತ್ತೇ? ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಕ್ರೀಡಾಂಗಣ ಖಾಲಿಯಿದ್ದರೂ ಆ ಹಣದ ಪಾಲು ತಂಡಗಳ ಕೈಸೇರುತ್ತದೆ. ಬ್ರಿಟನ್ನಿನ ಐಸ್ ಹಾಕಿಗೆ ಅಂಥ ಆಸರೆಯಿಲ್ಲ. ಗೇಟಿನಲ್ಲಿ ಹರಿದ ಟಿಕೆಟ್, ಊರಿನ ಅಂಗಡಿ ಮತ್ತು ಸಣ್ಣ ಕಂಪನಿಗಳ ಪ್ರಾಯೋಜಕತ್ವ, ವಿರಾಮದಲ್ಲಿ ಮಾರುವ ಫಿಫ್ಟಿ-ಫಿಫ್ಟಿ ಚೀಟಿ (ಕೂಡಿದ ಹಣದಲ್ಲಿ ಅರ್ಧ ಗೆದ್ದವನಿಗೆ, ಅರ್ಧ ಕ್ಲಬ್ಬಿಗೆ), ಸೀಸನ್ ಕೊನೆಯಲ್ಲಿ ಆಟಗಾರನ ಮೈಮೇಲಿನ ಜರ್ಸಿಯನ್ನೇ ಅಭಿಮಾನಿಗೆ ಕೊಡುವ ಆ ಸಂಜೆ: ಕ್ಲಬ್ಬಿನ ಸಂಸಾರ ನಡೆಯುವುದು ಇವುಗಳಲ್ಲಿ. ಬೆಲ್‌ಫಾಸ್ಟ್, ಶೆಫೀಲ್ಡ್, ನಾಟಿಂಗ್‌ಹ್ಯಾಂ ತಂಡಗಳು ಏಳೆಂಟು ಸಾವಿರ ಜನ ಕೂರುವ ಅರೀನಾಗಳಲ್ಲಿ ಆಡುತ್ತವೆ. ನಿಮ್ಮ ಕರ್ಕಾಡಿಯ ರಿಂಕ್ (ಐಸ್ ಅಂಗಣ) ಪೂರ್ತಿ ತುಂಬಿದರೂ ಮೂರೂವರೆ ಸಾವಿರದ ಆಸುಪಾಸು. ಅಷ್ಟು ಅಂತರವಿಟ್ಟುಕೊಂಡು ಒಂದೇ ಲೀಗಿನಲ್ಲಿ, ಒಂದೇ ಐಸಿನ ಮೇಲೆ ಆಡಬೇಕು.

ಸೋಲು ಎಲ್ಲಿ ಹುಟ್ಟುತ್ತದೆ ಎಂದು ನೋಡಬೇಕಾದರೆ ಸೆಪ್ಟೆಂಬರಿಗಿಂತ ಮುಂಚೆ, ಬೇಸಿಗೆಗೆ ಹೋಗಬೇಕು. ಈ ಲೀಗಿನ ತಂಡಗಳಲ್ಲಿ ದೊಡ್ಡ ಪಾಲು ಹೊರದೇಶದವರು, ಹೆಚ್ಚಿನವರು ಕೆನಡಾ ಮತ್ತು ಅಮೆರಿಕದವರು. ಒಪ್ಪಂದ ಬಹುತೇಕ ಒಂದೇ ಸೀಸನ್ನಿನದು. ಸಂಬಳ ದೊಡ್ಡದಲ್ಲ, ಜೊತೆಗೆ ಇರಲು ಮನೆ ಕೊಡುತ್ತಾರೆ. ಕೆಲವು ಕ್ಲಬ್ಬುಗಳು ಸ್ಥಳೀಯ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಿಗೂ ದಾರಿ ಮಾಡಿಕೊಟ್ಟು ಆಟಗಾರರನ್ನು ಸೆಳೆಯುತ್ತವೆ. ಕೋಚ್ ಮೇ, ಜೂನ್, ಜುಲೈ ಉದ್ದಕ್ಕೂ ಏಜೆಂಟರ ಫೋನು, ಹಳೆಯ ಪಂದ್ಯಗಳ ವಿಡಿಯೋ, ಪರಿಚಯದವರ ಮಾತು ಇಷ್ಟನ್ನೇ ನಂಬಿ ಅರ್ಧಕ್ಕಿಂತ ಹೆಚ್ಚು ತಂಡವನ್ನು ಹೊಸದಾಗಿ ಕಟ್ಟಬೇಕು. ದುಡ್ಡಿರುವ ಕ್ಲಬ್ ಮೊದಲು ಆರಿಸುತ್ತದೆ, ಇಲ್ಲದ್ದು ಕಾದು ಉಳಿದವರಲ್ಲಿ ಆರಿಸುತ್ತದೆ. ಅಲ್ಲಿ ಎರಡು ಮೂರು ಆಯ್ಕೆ ಎಡವಟ್ಟಾದರೆ ಅಕ್ಟೋಬರ್ ಹೊತ್ತಿಗೆ ಗೊತ್ತಾಗಿಬಿಡುತ್ತದೆ. ಸರಿಪಡಿಸಲು ಹೊಸಬನಿಗೆ ಆಟದ ಆಡಳಿತ ಸಂಸ್ಥೆಯ ಅನುಮೋದನೆ, ವೀಸಾ, ವಿಮಾನದ ಟಿಕೆಟ್, ಮತ್ತೊಂದು ಮನೆ ಬೇಕು. ಅಷ್ಟರಲ್ಲಿ ಶನಿವಾರ ಬರುತ್ತದೆ, ಬೆನ್ನಿಗೇ ಭಾನುವಾರ, ಎರಡು ದಿನಕ್ಕೆ ಎರಡು ಪಂದ್ಯ.

ಎಲ್ಲಕ್ಕಿಂತ ದುಬಾರಿಯಾಗುವುದು ಗೋಲಿಯ (ಗೋಲ್‌ಕೀಪರ್‌ನ) ವಿಷಯದಲ್ಲಿ ಮಾಡುವ ತಪ್ಪು ಆಯ್ಕೆ. ಪಂದ್ಯಕ್ಕೆ 35 ಹೊಡೆತ ಬರುತ್ತವೆ ಎಂದಿಟ್ಟುಕೊಳ್ಳಿ. ನೂರಕ್ಕೆ 91 ತಡೆಯುವ ಗೋಲಿ ಮೂರು ಗೋಲು ಬಿಡುತ್ತಾನೆ. ನೂರಕ್ಕೆ 88 ತಡೆಯುವವನು ನಾಲ್ಕಕ್ಕಿಂತ ತುಸು ಹೆಚ್ಚು. ನೂರಕ್ಕೆ ಮೂರು ಹೊಡೆತದ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಪಂದ್ಯಕ್ಕೊಂದು ಗೋಲಿನಂತೆ 54 ಪಂದ್ಯಕ್ಕೆ ಐವತ್ತಕ್ಕೂ ಹೆಚ್ಚು ಗೋಲು. ಒಂದು ಗೋಲಿನಿಂದ ಗೆಲ್ಲಬೇಕಾದ ಪಂದ್ಯಗಳು ಹೆಚ್ಚುವರಿ ಸಮಯಕ್ಕೆ ಹೋಗುತ್ತವೆ, ಅಲ್ಲಿಗೆ ಹೋಗಬೇಕಾದವು ನಿಗದಿತ ಅರವತ್ತು ನಿಮಿಷದೊಳಗೇ ಕೈಬಿಡುತ್ತವೆ. ಇದು ಫ್ಲೈಯರ್ಸ್‌ನ ಒಬ್ಬ ಆಟಗಾರನ ಮೇಲೆ ಹೊರಿಸುವ ಮಾತಲ್ಲ. ಸಣ್ಣ ಕ್ಲಬ್ಬಿನ ಸೀಸನ್ ಎಷ್ಟು ತೆಳುವಾದ ಗೆರೆಯ ಮೇಲೆ ನಡೆಯುತ್ತದೆ ಎಂಬುದಕ್ಕೆ ಹೇಳಿದೆ, ಅಷ್ಟೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹೌದು, ಎಲೀಟ್ ಲೀಗಿನಿಂದ ಯಾರನ್ನೂ ಕೆಳಗಿಳಿಸುವುದಿಲ್ಲ, ಕೆಳಗಿನಿಂದ ಯಾರೂ ಆಟದ ಬಲದ ಮೇಲೆ ಮೇಲೇರುವುದೂ ಇಲ್ಲ. ಹಾಗಾಗಿ ಸೋಲಿಗೆ ಬೆಲೆ ತೆರುವವರು ಪ್ರೇಕ್ಷಕರು ಮಾತ್ರವೇ ಎಂದು ಕೇಳಿದಿರಿ. ನನ್ನ ಅಭಿಪ್ರಾಯ ಬೇರೆ. ಬ್ರಿಟನ್ನಿನ ಐಸ್ ಹಾಕಿಯಲ್ಲಿ ಕ್ಲಬ್ಬುಗಳು ಕೆಳಗಿಳಿಯುವುದಿಲ್ಲ, ಮುಚ್ಚಿಹೋಗುತ್ತವೆ. ಮುಚ್ಚುವುದಕ್ಕೆ ಬಹಳ ಸಲ ಸೋಲು ಕಾರಣವೇ ಅಲ್ಲ.

ನಿಮ್ಮ ಸ್ಕಾಟ್ಲೆಂಡಿನದೇ ಕಥೆ ಕೇಳಿ. ಏರ್ ಪಟ್ಟಣದ ಸ್ಕಾಟಿಷ್ ಈಗಲ್ಸ್ 1997-98ರಲ್ಲಿ ಆ ವರ್ಷದ ನಾಲ್ಕೂ ಪ್ರಶಸ್ತಿ ಗೆದ್ದಿತು. ಒಂದೂ ಬಿಡಲಿಲ್ಲ. 2002ರಲ್ಲಿ ತಂಡವನ್ನು ಗ್ಲಾಸ್ಗೋ ಬಳಿಯ ಬ್ರೇಹೆಡ್‌ಗೆ ಒಯ್ದರು, ಅದೇ ವರ್ಷದ ನವೆಂಬರಿನಲ್ಲಿ, ಸೀಸನ್ ನಡುವೆಯೇ, ತಂಡ ಮುಚ್ಚಿತು. ಅವರ ಹಳೆಯ ಸೆಂಟ್ರಮ್ ಅರೀನಾ ಈಗ ನೆಲದ ಮೇಲಿಲ್ಲ. ಅದೇ ತಿಂಗಳು ಮ್ಯಾಂಚೆಸ್ಟರ್ ಸ್ಟಾರ್ಮ್ ಕೂಡ ಮುಚ್ಚಿತು. 1997ರ ಫೆಬ್ರುವರಿಯಲ್ಲಿ ಶೆಫೀಲ್ಡ್ ವಿರುದ್ಧದ ಒಂದು ಪಂದ್ಯಕ್ಕೆ 17,245 ಜನರನ್ನು ಕೂಡಿಸಿದ್ದ ತಂಡ, 1999ರ ಲೀಗ್ ಚಾಂಪಿಯನ್! ಡರ್ಹಮ್ ವಾಸ್ಪ್ಸ್ 1992ರಲ್ಲಿ ಬ್ರಿಟಿಷ್ ಚಾಂಪಿಯನ್. ಹೊಸ ಮಾಲೀಕರು ಕ್ಲಬ್ಬನ್ನು ಸಂಡರ್‌ಲೆಂಡಿಗೂ ಆಮೇಲೆ ನ್ಯೂಕ್ಯಾಸಲ್ಲಿಗೂ ಒಯ್ದರು, ಡರ್ಹಮ್‌ನಲ್ಲಿ ನದಿ ದಂಡೆಯ ರಿಂಕ್ 1996ರಲ್ಲಿ ಬಾಗಿಲು ಹಾಕಿತು. ಗೆಲುವು ಈ ಮೂವರಲ್ಲಿ ಯಾರನ್ನೂ ಉಳಿಸಲಿಲ್ಲ.

ಎಡಿನ್‌ಬರದ ಕಥೆ ನಿಮಗೆ ಇನ್ನೂ ಹತ್ತಿರದ್ದು, ಫೋರ್ತ್ ಕೊಲ್ಲಿ ದಾಟಿದರೆ ಸಿಗುವ ಊರು. ಮರ್ರೇಫೀಲ್ಡ್ ರಿಂಕನ್ನು 1939ರಲ್ಲೇ ಕಟ್ಟಿದ್ದರೂ ಯುದ್ಧದ ಕಾರಣಕ್ಕೆ 1952ರಲ್ಲಿ ತೆರೆಯಿತು. ಟೋನಿ ಹ್ಯಾಂಡ್ ಬೆಳೆದದ್ದು ಆ ಐಸಿನ ಮೇಲೆ. 1986ರಲ್ಲಿ ಕೆನಡಾದ ಎಡ್ಮಂಟನ್ ಆಯ್ಲರ್ಸ್ ಅವರನ್ನು ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸುವ ಪದ್ಧತಿ) ಆರಿಸಿತು, ಬ್ರಿಟನ್ನಿನಲ್ಲಿ ಕಲಿತ ಆಟಗಾರನಿಗೆ ಉತ್ತರ ಅಮೆರಿಕದ ದೊಡ್ಡ ಲೀಗಾದ ಎನ್‌ಎಚ್‌ಎಲ್‌ನಿಂದ ಅಂಥ ಕರೆ ಬಂದದ್ದು ಅದೇ ಮೊದಲು. ಅದೇ ರಿಂಕಿನಲ್ಲಿ ಆಡುತ್ತಿದ್ದ ಎಡಿನ್‌ಬರ ಕ್ಯಾಪಿಟಲ್ಸ್ 2017-18ರಲ್ಲಿ ಎಲೀಟ್ ಲೀಗಿನ ತಳ ಸೇರಿತು. ನಿಮ್ಮ ಈ ವರ್ಷದಂಥದೇ ವರ್ಷ. ಲೀಗ್ ಅವರನ್ನು ಇಳಿಸಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಮರ್ರೇಫೀಲ್ಡ್‌ನ ಐಸ್ ಸಮಯ ಬೇರೆ ಗುಂಪಿಗೆ ಹೋಯಿತು. ಆಡಲು ಐಸೇ ಇಲ್ಲದ ತಂಡ ಲೀಗಿನಿಂದ ಹೊರಬಿತ್ತು, ಸ್ಕಾಟ್ಲೆಂಡಿನ ರಾಜಧಾನಿಗೆ ಉನ್ನತ ದರ್ಜೆಯ ತಂಡವಿಲ್ಲದಂತಾಯಿತು. ತಳ ಸೇರಿ, ಸೀಟು ಖಾಲಿ ಮಾಡಿಕೊಂಡ ಕ್ಲಬ್ಬಿನ ಮಾತಿಗೆ ರಿಂಕಿನವರೆದುರು ತೂಕ ಕಡಿಮೆ ಎಂದು ನಾನು ನಂಬುತ್ತೇನೆ. ನಿಮ್ಮ ಸೋಲಿನ ವರ್ಷವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಈ ಕಾರಣಕ್ಕೆ. ಪಟ್ಟಿಯಲ್ಲಿ ಹತ್ತನೆಯದಾದರೆ ಮುಂದಿನ ಸೆಪ್ಟೆಂಬರಿನಲ್ಲಿ ಎಲ್ಲರೂ ಮತ್ತೆ ಸೊನ್ನೆಯಿಂದಲೇ ಶುರುಮಾಡುತ್ತಾರೆ. ಐಸು ಕೈತಪ್ಪಿದರೆ ಶುರುಮಾಡಲು ಏನೂ ಉಳಿಯುವುದಿಲ್ಲ.

ಇದಕ್ಕೆ ಎದುರು ಉದಾಹರಣೆಯೂ ಇದೆ. ನಾಟಿಂಗ್‌ಹ್ಯಾಂ ಪ್ಯಾಂಥರ್ಸ್ 1956ರಲ್ಲಿ ಲೀಗ್ ಗೆದ್ದ ಮೇಲೆ ಮತ್ತೆ ಗೆದ್ದದ್ದು 2013ರಲ್ಲಿ. 57 ವರ್ಷ! ಅದರಲ್ಲಿ 1960ರಿಂದ 1980ರವರೆಗೆ ತಂಡವೇ ಇರಲಿಲ್ಲ. ಆದರೆ ಲೋವರ್ ಪಾರ್ಲಿಮೆಂಟ್ ಸ್ಟ್ರೀಟಿನ ಹಳೆಯ ಐಸ್ ಸ್ಟೇಡಿಯಂ ನಿಂತೇ ಇತ್ತು, ಜನ ಅಲ್ಲಿ ಸ್ಕೇಟ್ ಮಾಡುತ್ತಲೇ ಇದ್ದರು. 1984ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಐಸ್ ನೃತ್ಯದ ಜೋಡಿ ಟೋರ್ವಿಲ್ ಮತ್ತು ಡೀನ್ ಆ ಊರಿನವರೇ. 1980ರಲ್ಲಿ ಶೆಫೀಲ್ಡಿನ ಒಂದು ತಂಡ ಬಂದು ನಾಟಿಂಗ್‌ಹ್ಯಾಂನಲ್ಲಿ ನೆಲೆಸಿದಾಗ ಪ್ಯಾಂಥರ್ಸ್ ಮತ್ತೆ ಎದ್ದಿತು. 2013ರಲ್ಲಿ ಲೀಗಿನ ಜೊತೆಗೆ ಕಪ್ಪನ್ನೂ ಪ್ಲೇಆಫನ್ನೂ ಗೆದ್ದರು. ಇಪ್ಪತ್ತು ವರ್ಷ ಹಾಕಿಯೇ ಇಲ್ಲದ ಊರಿಗೆ ಹಾಕಿ ಮರಳಿ ಬಂದದ್ದು ಬಾಗಿಲು ತೆರೆದ ಒಂದು ರಿಂಕ್ ಅಲ್ಲಿದ್ದುದರಿಂದ.

ಈಗ ಕರ್ಕಾಡಿಯನ್ನು ನೋಡಿ. ಫ್ಲೈಯರ್ಸ್ ಹುಟ್ಟಿದ್ದು 1938ರಲ್ಲಿ, ಬ್ರಿಟನ್ನಿನ ಅತ್ಯಂತ ಹಳೆಯ ವೃತ್ತಿಪರ ಐಸ್ ಹಾಕಿ ಕ್ಲಬ್ ಎಂಬ ಹೆಸರು ಅದಕ್ಕೆ. ಅಂದಿನ ಕಟ್ಟಡದಲ್ಲೇ ಇಂದಿಗೂ ಆಡುತ್ತಿದೆ. ಊರಿಗೆ ಹೆಸರು ತಂದ ಲಿನೋಲಿಯಂ ಕಾರ್ಖಾನೆಗಳು ಕುಗ್ಗಿದವು, ಸುತ್ತಲಿನ ಕಲ್ಲಿದ್ದಲ ಗಣಿಗಳು ಮುಚ್ಚಿದವು, ರಿಂಕ್ ಉಳಿಯಿತು. 1985ರಲ್ಲಿ ಇದೇ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಮರ್ರೇಫೀಲ್ಡ್ ರೇಸರ್ಸ್ ತಂಡವನ್ನು ಸೋಲಿಸಿ ಬ್ರಿಟಿಷ್ ಚಾಂಪಿಯನ್ ಆಯಿತು. ಕೆನಡಾದ ಟಾಡ್ ಡುಟಿಯಂ 1998ರಲ್ಲಿ ಆಟಗಾರನಾಗಿ ಬಂದವರು ಇಲ್ಲೇ ನೆಲೆನಿಂತು ಬಹಳ ವರ್ಷ ಕೋಚ್ ಆಗಿದ್ದರು. ಒಂದೇ ಸೀಸನ್ನಿನ ಒಪ್ಪಂದಗಳ ಈ ಲೀಗಿನಲ್ಲಿ ಹಾಗೆ ಉಳಿಯುವುದು ಅಪರೂಪ. 2011ರಲ್ಲಿ ನ್ಯೂಕ್ಯಾಸಲ್ ವೈಪರ್ಸ್ ಮುಚ್ಚಿ ಎಲೀಟ್ ಲೀಗಿನಲ್ಲಿ ಜಾಗ ತೆರವಾದಾಗ ಫ್ಲೈಯರ್ಸ್ ಮೇಲಿನ ದರ್ಜೆಗೆ ಬಂತು. ಅಂದರೆ ನಿಮ್ಮ ತಂಡ ಇಂದು ಕೂತಿರುವ ಕುರ್ಚಿಯೇ ಮುಚ್ಚಿದ ಕ್ಲಬ್ಬೊಂದು ಬಿಟ್ಟುಹೋದದ್ದು.

ಹಾಗೆಂದು ಬಾಯಿಮುಚ್ಚಿಕೊಂಡು ಟಿಕೆಟ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೆಳಗಿಳಿಸುವ ಭಯ ಇಲ್ಲದ ಲೀಗಿನಲ್ಲಿ ಲೆಕ್ಕ ಕೇಳುವ ಕೆಲಸ ಪ್ರೇಕ್ಷಕರದೇ. ಅಭಿಮಾನಿಗಳ ಸಭೆಯಲ್ಲಿ ಕೇಳಿ, ಇಲ್ಲದಿದ್ದರೆ ಬರೆದು ಕೇಳಿ. ಆಟಗಾರರನ್ನು ಆರಿಸುವವರು ಯಾರು, ಕೋಚ್ ಒಬ್ಬರೇಯೋ ಜೊತೆಗೆ ಬೇರೆ ಯಾರಾದರೂ ಇದ್ದಾರೋ? ಮೊದಲ ಗೋಲಿಯ ಒಪ್ಪಂದ ಯಾವ ತಿಂಗಳಲ್ಲಿ ಮುಗಿಸುತ್ತೀರಿ? ನಡುವೆ ಯಾರಾದರೂ ಗಾಯಗೊಂಡರೆ ಬದಲಿಗೆ ಹಣ ತೆಗೆದಿಟ್ಟಿದ್ದೀರಾ? ರಿಂಕಿನ ಜೊತೆಗಿನ ಒಪ್ಪಂದ ಎಷ್ಟು ವರ್ಷದ್ದು? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಸೆಂಟರ್ ಯಾರು, ವಿಂಗರ್ ಯಾರು ಎಂದು ಕೇಳುತ್ತಾರೆ. ನೀವು ಅದನ್ನೇ ಮೊದಲು ಕೇಳಿ.

ಟಿಕೆಟ್ ವಿಷಯಕ್ಕೆ ನನ್ನ ನೇರ ಉತ್ತರ: ತೆಗೆದುಕೊಳ್ಳಿ, ಮನೆಯ ಖರ್ಚಿಗೆ ಹೊರೆಯಾಗದಿದ್ದರೆ. ಹೊರೆಯಾಗುವುದಾದರೆ ಸೀಸನ್ ಟಿಕೆಟ್ ಬಿಟ್ಟು ನೆರೆಯೂರಾದ ಡಂಡೀ ವಿರುದ್ಧದ ಪಂದ್ಯಗಳಿಗೂ ಮಗಳ ರಜೆಯ ವಾರಾಂತ್ಯಗಳಿಗೂ ಹೋಗಿ. ಜುಲೈ ಹೊತ್ತಿಗೆ ಎಷ್ಟು ಸೀಸನ್ ಟಿಕೆಟ್ ಮಾರಾಟವಾಗಿವೆ ಎಂಬುದರ ಮೇಲೆ ಸಣ್ಣ ಕ್ಲಬ್ಬಿನ ಕೋಚ್ ಎಂಥ ಗೋಲಿಯನ್ನು ಕರೆತರಬಲ್ಲ ಎಂಬುದು ಬಹಳ ಮಟ್ಟಿಗೆ ನಿಂತಿದೆ. ಬೇಸಿಗೆಯಲ್ಲಿ ಕೊಡುವ ಹಣಕ್ಕೆ ಡಿಸೆಂಬರಿನಲ್ಲಿ ಗೇಟಿನಲ್ಲಿ ಕೊಡುವ ಅದೇ ಹಣಕ್ಕಿಂತ ಬೆಲೆ ಹೆಚ್ಚು.

ಮಗಳನ್ನು ಖಂಡಿತ ಕಳಿಸಿ. ವರ್ಷಪೂರ್ತಿ ನಡೆಯುವ ರಿಂಕುಗಳು ಇಡೀ ಬ್ರಿಟನ್ನಿನಲ್ಲಿ ನೂರೂ ಇಲ್ಲ. ನಿಮ್ಮ ಮನೆಯ ಹತ್ತಿರವೇ ಒಂದಿರುವುದು ಭಾಗ್ಯ. ಮೊದಲು ಸ್ಕೇಟಿಂಗ್ ತರಗತಿ, ಕಾಲು ಕುದುರಿದ ಮೇಲೆ ಕೋಲು. ಶೆಫೀಲ್ಡ್ ಕಡೆಯ ಹುಡುಗ ಲಿಯಮ್ ಕರ್ಕ್ ಅಲ್ಲಿನ ರಿಂಕುಗಳಲ್ಲಿ ಕಲಿತೇ 2018ರಲ್ಲಿ ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಅರಿಜೋನಾ ಕಯೋಟೀಸ್ ತಂಡಕ್ಕೆ ಆಯ್ಕೆಯಾದದ್ದು. ಅಷ್ಟು ದೂರ ಹೋಗದಿದ್ದರೂ ಹುಡುಗಿ ಐಸಿನ ಮೇಲೆ ತನ್ನ ಕಾಲ ಮೇಲೆ ತಾನು ನಿಲ್ಲಲಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. 2023ರ ಅಕ್ಟೋಬರ್ 28ರಂದು ಶೆಫೀಲ್ಡಿನಲ್ಲಿ ಆಡುತ್ತಿದ್ದಾಗ ನಾಟಿಂಗ್‌ಹ್ಯಾಂ ಪ್ಯಾಂಥರ್ಸ್‌ನ ಆಡಂ ಜಾನ್ಸನ್ ಅವರ ಕುತ್ತಿಗೆಗೆ ಸ್ಕೇಟಿನ ಅಲಗು ತಗುಲಿ ಅವರು ತೀರಿಕೊಂಡರು. ವಯಸ್ಸು 29. ಆ ಸೀಸನ್ ನಡುವೆಯೇ ಎಲೀಟ್ ಲೀಗಿನಲ್ಲಿ ಕುತ್ತಿಗೆ ಪಟ್ಟಿ ಕಡ್ಡಾಯವಾಯಿತು. ಹೆಲ್ಮೆಟ್, ಕೈಗವಸು ಬೇಕಾದರೆ ಬಳಸಿದ್ದನ್ನೇ ಕೊಳ್ಳಿ, ಕುತ್ತಿಗೆ ಪಟ್ಟಿ ಮಾತ್ರ ಹೊಸದೇ ಇರಲಿ, ಅವಳ ಅಳತೆಯದೇ ಇರಲಿ. ಅಭ್ಯಾಸದ ದಿನವೂ ಅದಿಲ್ಲದೆ ಐಸಿಗೆ ಇಳಿಸಬೇಡಿ.

ಕ್ಲಬ್ಬಿನವರು ನಿಮ್ಮ ಪ್ರಶ್ನೆಗಳಿಗೆ ಏನು ಹೇಳಿದರೆಂದು ಬರೆಯಿರಿ, ಅವರ ಉತ್ತರವನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ.

– ಸಂ.