ಪಾಸ್ ಔಟ್ ಆಗಿದ್ದೀರಾ, ಈಗ ಎದ್ದಿರಾ?

ಪ್ರಶ್ನೆ: ಬಯೋಡೇಟಾದಲ್ಲಿ ‘ಐ ಪಾಸ್ಡ್ ಔಟ್ ಆಫ್ ಕಾಲೇಜ್ ಇನ್ 2021’ ಅಂತ ಬರೆದಿದ್ದೆ. ಸ್ಪೋಕನ್ ಇಂಗ್ಲಿಷ್ ಮೇಷ್ಟ್ರು ನಕ್ಕುಬಿಟ್ಟರು. ‘ಅಂದ್ರೆ ಕಾಲೇಜಲ್ಲಿ ಮೂರ್ಛೆ ಹೋಗಿದ್ದೆ ಅಂತ ಅರ್ಥ’ ಎಂದರು. ಹೌದಾ ಸರ್?

ಉತ್ತರ: ಈ ಪ್ರಶ್ನೆ ಬಂದದ್ದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಮೊಬೈಲಲ್ಲಿ ಅರ್ಧ ನಿಮಿಷದ ವಿಡಿಯೊ ನೋಡಿ ಮೇಷ್ಟ್ರಾದವರು ಜಾಸ್ತಿಯಾಗಿದ್ದಾರೆ. ನಿಮ್ಮ ಮೇಷ್ಟ್ರು ಹೇಳಿದ್ದು ಅರ್ಧ ಸರಿ, ನಕ್ಕಿದ್ದು ಪೂರ್ತಿ ತಪ್ಪು.

ಪಾಸ್ ಔಟ್ ಅಂದರೆ ಪ್ರಜ್ಞೆ ತಪ್ಪುವುದು, ನಿಜ. ಬಿಸಿಲಿಗೆ ತಲೆ ತಿರುಗಿ ಬಿದ್ದರೂ ಅದೇ, ಕುಡಿದು ಸೋಫಾ ಮೇಲೆ ಉರುಳಿದರೂ ಅದೇ. ಆದರೆ ಬ್ರಿಟನ್ನಿನಲ್ಲೇ ಸೇನೆಯ ತರಬೇತಿ ಮುಗಿಸಿ ಹೊರಬರುವುದಕ್ಕೂ ಇದೇ ಮಾತಿದೆ. ಡೆಹ್ರಾಡೂನಿನಲ್ಲಿ 1932ರಲ್ಲಿ ಶುರುವಾದ ಮಿಲಿಟರಿ ಅಕಾಡೆಮಿಯಲ್ಲಿ ಜೂನ್ ಮತ್ತು ಡಿಸೆಂಬರಿನಲ್ಲಿ ಪಾಸಿಂಗ್ ಔಟ್ ಪರೇಡ್ ನಡೆಯುತ್ತದೆ. ಕೆಡೆಟ್‌ಗಳು ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಚೆಟ್‌ವುಡ್ ಕಟ್ಟಡದ ಮೆಟ್ಟಿಲೇರಿ, ‘ಅಂತಿಮ ಪಗ್’ ಅನ್ನುವ ಕೊನೆಯ ಹೆಜ್ಜೆ ಇಡುತ್ತಾರೆ. ಅವರೇನು ಮೂರ್ಛೆ ಹೋದರಾ? ನಮ್ಮಲ್ಲಿ ಎಲ್ಲ ಕಾಲೇಜಿಗೂ ಈ ಮಾತು ನಡೆಯುತ್ತದೆ. ಹುಬ್ಬಳ್ಳಿಯಿಂದ ದಿಲ್ಲಿವರೆಗೆ ಹೇಳಿದರೆ ತಿಳಿಯುತ್ತದೆ.

ಆದರೂ ಬಯೋಡೇಟಾದಲ್ಲಿ ಬೇಡ. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲು. ಓದುವವರು ಅಮೆರಿಕದಲ್ಲಿ ಕೂತಿರಬಹುದು, ಅವರಿಗೆ ಮೊದಲು ಹೊಳೆಯುವುದು ಮೂರ್ಛೆಯೇ. ‘ಐ ಗ್ರಾಜುಯೇಟೆಡ್ ಇನ್ 2021’ ಅಂದರೆ ಸಾಕು. ಮೊನ್ನೆ ಒಬ್ಬ ಹುಡುಗ ತಿದ್ದಿಸಲು ತಂದ ಅರ್ಜಿಯಲ್ಲಿ ‘ಪಾಸ್ಡ್ ಔಟ್ ವಿತ್ ಡಿಸ್ಟಿಂಕ್ಷನ್’ ಅಂತಿತ್ತು. ಬಿದ್ದರೂ ಫಸ್ಟ್ ಕ್ಲಾಸಾಗಿ ಬಿದ್ದಿದ್ದಾನೆ! ಒಪ್ಪಿಕೊಳ್ಳುತ್ತೇನೆ, ನಾನೂ ನಕ್ಕೆ.

ತೀರಿಹೋಗುವುದು ‘ಪಾಸ್ ಅವೇ’. ರಜಾ ಅರ್ಜಿಯಲ್ಲಿ ಅಜ್ಜಿ ‘ಪಾಸ್ಡ್ ಔಟ್’ ಅಂತ ಬರೆದರೆ ಸಾಹೇಬರು ‘ಈಗ ಎದ್ದರಾ?’ ಅಂತ ಕೇಳುತ್ತಾರೆ.

‘ಪಾಸ್ ಔಟ್’ಗೆ ಇನ್ನೊಂದು ಅರ್ಥವೂ ಇದೆ: ಹಂಚುವುದು. ‘ಪಾಸ್ ಔಟ್ ದ ಪೇಪರ್ಸ್’, ‘ಪಾಸ್ ದ ಪೇಪರ್ಸ್ ಔಟ್’ ಎರಡೂ ಸರಿ. ಪೇಪರ್ಸ್ ಬದಲು ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪಾಸ್ ದೆಮ್ ಔಟ್’. ‘ಪಾಸ್ ಔಟ್ ದೆಮ್’ ಕೇಳಿದರೆ ನನಗೆ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತದೆ. ಮೇಷ್ಟ್ರಿಗೆ ನಗಲೇಬೇಕಿದ್ದರೆ ಇದಕ್ಕೆ ನಗಲಿ.

ಪ್ರಶ್ನೆ: ‘ಪಾಸ್’ಗೆ ‘ಔಟ್’ ಸೇರಿಸಿದರೆ ಮೂರ್ಛೆ ಹೇಗಾಯಿತು? ಲಾಜಿಕ್ ಏನು?

ಉತ್ತರ: ಮಗುವಿಗೆ ಲೆಕ್ಕ ‘ಹೇಳಿಕೊಡು’ವಾಗ ಏನು ಕೊಡುತ್ತೀರಿ? ಹೊಸದೇನನ್ನಾದರೂ ‘ಕಂಡುಹಿಡಿ’ದಾಗ ಕೈಯಲ್ಲಿ ಏನು ಹಿಡಿದಿರುತ್ತೀರಿ?

ಪ್ರಶ್ನೆ: ‘ಪಾಸ್ ಔಟ್’ ಥರದ ಜೋಡಿ ಕ್ರಿಯಾಪದಗಳು, ಅಂದರೆ ಫ್ರೇಸಲ್ ವರ್ಬ್‌ಗಳು, 500 ಇರುವ ಪಟ್ಟಿ ಕೊಂಡಿದ್ದೇನೆ. ಬಾಯಿಪಾಠ ಮಾಡಲೇ?

ಉತ್ತರ: ಬೇಡ. ದುಡ್ಡು ಹೋಯಿತು, ಸಮಯವನ್ನಾದರೂ ಉಳಿಸಿಕೊಳ್ಳಿ. ದಿನಕ್ಕೆ ಎರಡು ಪುಟ ಇಂಗ್ಲಿಷ್ ಓದಿ.

ಪ್ರಶ್ನೆ: ‘ಕೋಪ್ ಅಪ್ ವಿತ್’ ಸರಿಯೇ?

ಉತ್ತರ: ‘ಅಪ್’ ಕಿತ್ತುಹಾಕಿ.