ಅಬ್ಬಾ ಗೋಲ್ಡ್: ಕಡೇ ಹಾಡೇ ಯಾಕೆ ಕೈಕೊಡುತ್ತದೆ?

ಈ ಸಲದ ಪತ್ರಗಳೆಲ್ಲ ಸ್ವೀಡನ್ನಿನ ಅಬ್ಬಾ ತಂಡದ ಜನಪ್ರಿಯ ಹಾಡುಗಳ ಸಂಕಲನ ‘ಅಬ್ಬಾ ಗೋಲ್ಡ್’ ಬಗ್ಗೆಯೇ. 1992ರ ಸೆಪ್ಟೆಂಬರಿನಲ್ಲಿ ಬಂದದ್ದು. 19 ಹಾಡು, ಸುಮಾರು 77 ನಿಮಿಷ.

ಪ್ರಶ್ನೆ: ನಮ್ಮ ಹಳೇ ಸಿ.ಡಿ.ಯೊಳಗ ಹದಿನೆಂಟು ಹಾಡು ಚಲೋ ಬರ್ತಾವ್ರಿ. ಕಡೀಕ ‘ವಾಟರ್‌ಲೂ’ ಬಂತಂದ್ರ ತಟಕ್ ತಟಕ್ ಅಂತ ನಿಂತು ನಿಂತು ಹೋಗ್ತದ. ಸಿ.ಡಿ. ಕೆಟ್ಟಂಗೇನ್ರಿ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇಷ್ಟಕ್ಕೇ ಕೆಟ್ಟಿತು ಅನ್ನಬೇಡಿ. ಎಲ್.ಪಿ. (ಹಳೇ ಗ್ರಾಮಫೋನ್ ತಟ್ಟೆ) ಅಂಚಿನಿಂದ ಒಳಕ್ಕೆ ಓಡಿದರೆ, ಸಿ.ಡಿ. ನಡುವಿನಿಂದ ಹೊರಕ್ಕೆ ಓಡುತ್ತದೆ. 77 ನಿಮಿಷವೆಂದರೆ ಡಿಸ್ಕ್ ಬಹುತೇಕ ಅಂಚಿನವರೆಗೂ ತುಂಬಿದೆ. 19ನೇ ಹಾಡು ಕೂತಿರುವುದು ನಾವು ಬೆರಳಿಟ್ಟು ಹಿಡಿಯುವ ಜಾಗದಲ್ಲಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಹಾಕಿ, ಮೆತ್ತನೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ತಿಕ್ಕಬಾರದು. ಹಾಡಿನ ಗೆರೆಯುದ್ದಕ್ಕೂ ಗೀರು ಬಿದ್ದರೆ ಅಷ್ಟೂ ಮಾಹಿತಿ ಒಟ್ಟಿಗೆ ಹೋಗುತ್ತದೆ, ಪ್ಲೇಯರ್ ತುಂಬಿಕೊಳ್ಳಲಾರದು. ಅಡ್ಡಗೀರನ್ನು ಅದು ಸುಧಾರಿಸಿಕೊಳ್ಳುತ್ತದೆ. ಒಣಗಿದ ಮೇಲೆ ಬೆಳಕಿಗೆ ಹಿಡಿಯಿರಿ. ಹೆಸರು ಅಚ್ಚಾದ ಬದಿಯಲ್ಲಿ ಸೂಜಿಮೊನೆಯಂಥ ತೂತು ಕಂಡರೆ ಮಾತ್ರ ಉಪಾಯವಿಲ್ಲ, ಯಾಕೆಂದರೆ ಹಾಡಿನ ಪದರ ಇರುವುದು ಆ ಬಣ್ಣದ ಕೆಳಗೇ. ತೂತಿಲ್ಲದಿದ್ದರೆ ಬೇರೆ ಪ್ಲೇಯರಿನಲ್ಲಿ ಹಾಕಿ ನೋಡಿ. ದೂಳು ಕೂತ ಲೆನ್ಸ್ ಅಂಚಿಗೆ ಬಂದಾಗಲೇ ಸೋಲುವುದುಂಟು.

ಪ್ರಶ್ನೆ: ಹಳೇ ಮುದ್ರಣ ಒಳ್ಳೆಯದೋ, ರೀಮಾಸ್ಟರ್ ಆದದ್ದೋ (ಮೂಲ ಮುದ್ರಣದ ದನಿಯನ್ನು ಮತ್ತೆ ಹದಮಾಡಿ ತಂದದ್ದು)? ಹೊಸದೇ ಸ್ಪಷ್ಟ ಅನಿಸುತ್ತದೆ.
– ಮಾಳಮಡ್ಡಿ, ಧಾರವಾಡ

ಉತ್ತರ: ದನಿಗೆ ನಮ್ಮ ಮತ ಹಳೆಯದಕ್ಕೆ. ನಂತರದವುಗಳಲ್ಲಿ ಮೆಲುದನಿಯನ್ನು ಎತ್ತಿ ಎಲ್ಲವನ್ನೂ ಜೋರು ಮಾಡಿದ್ದಾರೆ, ಕಿವಿ ಜೋರಾದದ್ದನ್ನೇ ಸ್ಪಷ್ಟ ಅಂದುಕೊಳ್ಳುತ್ತದೆ. ಹೊಸದರ ವಾಲ್ಯೂಮ್ ಇಳಿಸಿ, ಎರಡನ್ನೂ ಸಮ ಮಾಡಿಕೊಂಡು ‘ಡಾನ್ಸಿಂಗ್ ಕ್ವೀನ್’ ಕೇಳಿ. ಧ್ವನಿ ಎಂಜಿನಿಯರ್ ಮೈಕಲ್ ಟ್ರೆಟೊ ಒಂದೇ ಭಾಗವನ್ನು ಎರಡನೇ ಸಲ ಮುದ್ರಿಸುವಾಗ ಟೇಪಿನ ವೇಗವನ್ನು ಚೂರೇ ಬದಲಿಸುತ್ತಿದ್ದರು. ತಂಬೂರಿಯ ಜೋಡಿ ತಂತಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ನಾದ ಅಲೆಅಲೆಯಾಗುತ್ತದಲ್ಲ, ಅದೇ ಗುಣ. ಧಾರವಾಡದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಹಳೆಯದರ ಒಂದು ಕೊರತೆ: ಅದರಲ್ಲಿ ‘ದ ನೇಮ್ ಆಫ್ ದ ಗೇಮ್’ ಕತ್ತರಿಸಿದ ರೂಪದಲ್ಲಿದೆ, ಸುಮಾರು 4 ನಿಮಿಷ. ಪೂರ್ಣ ಹಾಡು 5 ನಿಮಿಷಕ್ಕೆ ತುಸು ಕಮ್ಮಿ. ಕೊಳ್ಳುವ ಮುಂಚೆ ಪ್ಲೇಯರಿನಲ್ಲಿ ಸಮಯ ನೋಡಿಕೊಳ್ಳಿ.

ಪ್ರಶ್ನೆ: ಬರೀ ಕುಣಿಯುವ ಹಾಡಿನ ತಂಡ ಎಂದು ಗೆಳೆಯರು ಹಳಿಯುತ್ತಾರೆ. ಏನು ಹೇಳಲಿ?
– ಗದಗ

ಉತ್ತರ: ಹೇಳುವುದಕ್ಕಿಂತ ಕೇಳಿಸಿ, ಆದರೆ ಸಂಕಲನದ ಕ್ರಮದಲ್ಲಲ್ಲ. 1974ರಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದ ‘ವಾಟರ್‌ಲೂ’ ಅದರಲ್ಲಿ ಕಡೆಗಿದೆ, 1976ರ ‘ಡಾನ್ಸಿಂಗ್ ಕ್ವೀನ್’ ಮೊದಲಿಗಿದೆ. ಅದಕ್ಕೇ ತಂಡ ಬೆಳೆದ ದಾರಿ ಕಾಣುವುದಿಲ್ಲ. ಹಾಡುಗಳು ಹೊರಬಂದ ಕ್ರಮದಲ್ಲಿ ಕೇಳಲು ಪ್ಲೇಯರಿನ ಪ್ರೋಗ್ರಾಮಿಗೆ ಅವುಗಳ ಸಂಖ್ಯೆಯನ್ನು ಹೀಗೆ ಕೊಡಿ: 19, 10, 4, 12, 1, 9, 2, 17, 18, 3, 11, 15, 13, 14, 7, 8, 6, 5, 16. ‘ದ ವಿನರ್ ಟೇಕ್ಸ್ ಇಟ್ ಆಲ್’ ಬರುವ ಹೊತ್ತಿಗೆ ಕುಣಿತ ನಿಂತಿರುತ್ತದೆ. 1980ರ ಆ ಹಾಡು ಬರೆದವರು ತಂಡದ ಬ್ಯೋರ್ನ್, ಹಾಡಿದವರು ಅವರಿಂದ ಬೇರೆಯಾಗಿದ್ದ ಪತ್ನಿ ಅಗ್ನೆತಾ. ಅಭಿಮಾನಿಗಳ ದೊಡ್ಡ ತಕರಾರು 1982ರ ‘ದ ಡೇ ಬಿಫೋರ್ ಯೂ ಕೇಮ್’ ಇದರಲ್ಲಿಲ್ಲ ಎಂಬುದು. ತಕರಾರು ನ್ಯಾಯವಾದದ್ದೇ. ಅದು 1993ರ ‘ಮೋರ್ ಅಬ್ಬಾ ಗೋಲ್ಡ್’ನಲ್ಲಿದೆ, 16ರ ನಂತರ ಅದನ್ನೂ ಕೇಳಿಸಿ.

ಪ್ರಶ್ನೆ: ಕಾರಿನ ಪೆನ್‌ಡ್ರೈವಿಗೆ ಹಾಕಿದರೆ ಎಷ್ಟು ಜಾಗ ಬೇಕು? ಹಾಡುಗಳ ಕ್ರಮವೂ ತಪ್ಪುತ್ತದೆ.
– ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: 320 ಕೆಬಿಪಿಎಸ್ ಎಂಪಿ3 ಮಾಡಿದರೆ ಸುಮಾರು 185 ಎಂಬಿ. ಡ್ರೈವನ್ನು ಫ್ಯಾಟ್32 ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಹೆಸರಿನ ಮುಂದೆ 1, 2 ಎಂದಲ್ಲ, 01, 02 ಎಂದು ಬರೆಯಿರಿ. ಇಲ್ಲವಾದರೆ ಕೆಲವು ಪ್ಲೇಯರುಗಳು 1 ಆದಮೇಲೆ 10ಕ್ಕೆ ಜಿಗಿಯುತ್ತವೆ.