‘ಗುಡ್ ರಾಕಿನ್ ಟುನೈಟ್’ ಎಲ್ವಿಸ್ ಪ್ರೆಸ್ಲಿಯ ಸ್ವಂತ ಹಾಡೇ? ರಾಕ್ ಅಂಡ್ ರೋಲ್ ಶುರುವಾಗಿದ್ದು ಅವನಿಂದಲೇ?

ಎರಡಕ್ಕೂ ಉತ್ತರ ‘ಅಲ್ಲ’. ನಾನೂ ಬಹಳ ವರ್ಷ ‘ಹೌದು’ ಅಂದುಕೊಂಡಿದ್ದೆ. ಎಲ್ವಿಸ್ ಇದನ್ನು ಅಮೆರಿಕದ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಹಾಡಿದ್ದು 1954ರಲ್ಲಿ. ಹಾಡಿಗೆ ಆಗಲೇ ಏಳು ವರ್ಷ ತುಂಬಿತ್ತು.

ಬರೆದವನು ರಾಯ್ ಬ್ರೌನ್. ಬಿಳಿಯ ಗಾಯಕ ಬಿಂಗ್ ಕ್ರಾಸ್ಬಿಯನ್ನು ಮೆಚ್ಚಿಕೊಂಡು ಬೆಳೆದ ಈ ಕರಿಯ ಗಾಯಕ, ಹಾಡನ್ನು ಮೊದಲು ಇನ್ನೊಬ್ಬ ಗಾಯಕ ವೈನೋನಿ ಹ್ಯಾರಿಸ್‌ಗೆ ಕೊಡಲು ಹೋದ. ಆಗ ಹ್ಯಾರಿಸ್ ದೊಡ್ಡ ಹೆಸರು, ಬೇಡ ಅಂದ. ಕೊನೆಗೆ ಬ್ರೌನ್ ತಾನೇ 1947ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹಾಡಿ ರೆಕಾರ್ಡ್ ಮಾಡಿದ. ಅದು ಓಡತೊಡಗಿದ್ದೇ ತಡ, ಹ್ಯಾರಿಸ್‌ಗೂ ಹಾಡು ಬೇಕಾಯಿತು! 1948ರಲ್ಲಿ ಅವನ ರೆಕಾರ್ಡೇ ಅಮೆರಿಕದ ಕರಿಯರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಇದು ಜಂಪ್ ಬ್ಲೂಸ್, ರಾಕ್ ಅಂಡ್ ರೋಲ್‌ನ ಬೇರುಗಳಲ್ಲೊಂದು. ಎರಡನೇ ಮಹಾಯುದ್ಧದ ಕಾಲಕ್ಕೆ ದೊಡ್ಡ ಬ್ಯಾಂಡುಗಳನ್ನು ಸಾಕುವುದು ದುಬಾರಿಯಾದಾಗ ಐದಾರು ಜನರೇ ಸೇರಿ, ಸ್ಯಾಕ್ಸೊಫೋನ್ ಮುಂದಿಟ್ಟುಕೊಂಡು, ಕುಣಿಯುವವರಿಗಾಗಿ ನುಡಿಸಿದ ಸಂಗೀತ.

ಹ್ಯಾರಿಸ್ ಹಾಡಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಿಂದೆ ಚಪ್ಪಾಳೆ ಕೇಳಿಸುತ್ತದೆ. ನಮ್ಮ ಆದಿತಾಳದಲ್ಲಿ ಮೊದಲ ಅಕ್ಷರಕ್ಕೇ ತಟ್ಟು. ಇಲ್ಲಿ ನಾಲ್ಕೆಣಿಕೆಯಲ್ಲಿ ಎರಡಕ್ಕೆ, ನಾಲ್ಕಕ್ಕೆ. ನನ್ನ ಕೈ ಮೊದಮೊದಲು ಒಂದಕ್ಕೇ ಬೀಳುತ್ತಿತ್ತು, ಸರಿಹೋಗಲು ಹತ್ತಾರು ಸಲ ಕೇಳಬೇಕಾಯಿತು. ಆ ಚಪ್ಪಾಳೆ ಕರಿಯರ ಚರ್ಚುಗಳದ್ದು. ‘ರಾಕ್’ ಎಂಬ ಮಾತಿಗೂ ಅಲ್ಲಿ ಭಕ್ತಿಯಲ್ಲಿ ಮೈಮರೆತು ತೂಗಾಡುವುದು ಎಂಬ ಅರ್ಥವಿತ್ತು. ಚರ್ಚಿನ ಹೊರಗೆ ಬಂದರೆ ಅದೇ ಮಾತಿಗೆ ಕುಣಿತ, ಹಾಸಿಗೆ ಎಲ್ಲಾ ಸೇರಿಕೊಳ್ಳುತ್ತಿತ್ತು. ಹಾಡಿನೊಳಗೆ ಪಾದ್ರಿಗಳ ಕಡೆಯವರೂ ಕುಣಿಯಲು ಬಂದಿರುವುದು ಅದಕ್ಕೇ. ತುಂಟತನ ಇರುವುದೇ ಅಲ್ಲಿ.

ಹೀಗೆ ಕುಣಿಯಲು ಬಂದವರ ಹೆಸರುಗಳ ಸಾಲನ್ನೇ ಎಲ್ವಿಸ್ ಕೈಬಿಟ್ಟ. ಅವನ ರೆಕಾರ್ಡಿನಲ್ಲಿ ಸ್ಯಾಕ್ಸೊಫೋನ್ ಇಲ್ಲ, ಡ್ರಮ್ಸ್ ಕೂಡ ಇಲ್ಲ. ಅವನ ಜೊತೆಗಾರ ಬಿಲ್ ಬ್ಲ್ಯಾಕ್ ಬೇಸ್‌ನ (ನಿಂತು ನುಡಿಸುವ ದೊಡ್ಡ ತಂತಿವಾದ್ಯ) ತಂತಿಯನ್ನು ಎಳೆದು ಬಿಟ್ಟು ಮರಕ್ಕೆ ಬಡಿಸುತ್ತಾನಲ್ಲ, ಆ ಟಪ್ ಟಪ್ಪೇ ಚಪ್ಪಾಳೆಯ ಕೆಲಸ ಮಾಡುತ್ತದೆ. ಚೆನ್ನಾಗಿಯೇ ಇದೆ, ಆದರೆ ನನಗೆ ಅದು ಊಟ ಮುಗಿದ ಮೇಲಿನ ಮದುವೆಮನೆ. ಹ್ಯಾರಿಸ್‌ನದು ಗಂಡಿನ ಕಡೆಯವರು ಬಂದಿಳಿದ ಹೊತ್ತು.

ಇದೇ ಹಾಡಿನ ಮುಂದಿನ ಭಾಗದಂತೆ ಬ್ರೌನ್ 1949ರಲ್ಲಿ ‘ರಾಕಿನ್ ಅಟ್ ಮಿಡ್‌ನೈಟ್’ ಹಾಡಿದ. ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ ಗಾಯಕ ರಾಬರ್ಟ್ ಪ್ಲಾಂಟ್ ಅದನ್ನು 1984ರಲ್ಲಿ ಹನಿಡ್ರಿಪ್ಪರ್ಸ್ ತಂಡದೊಂದಿಗೆ ಮತ್ತೆ ಹಾಡಿದ. ಬ್ರೌನ್ ಅದನ್ನು ಕೇಳಲಿಲ್ಲ, 1981ರಲ್ಲೇ ತೀರಿಕೊಂಡಿದ್ದ.